ನಾನು ಹೊತ್ತು ನಿಂತ ಮನೆ

ಆ ಕಾಲದಲ್ಲಿ ಎಂದು ಶುರು ಮಾಡುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ. ಮೀಸೆ ದಟ್ಟವಾಗಿ ಬಂದಿದೆ ಎಂದು ನಾನು ಹೇಳುತ್ತೇನೆ, ಎಲ್ಲಿ ತೋರಿಸು ಎಂದು ಮನೆಯವರು ಕೇಳುತ್ತಾರೆ. ಅಷ್ಟರ ಮಟ್ಟಿನ ವಯಸ್ಸು. ಆದರೂ ಆ ಕಾಲ ಎನ್ನದೆ ಬೇರೆ ದಾರಿ ಕಾಣದು. ಯಾಕೆಂದರೆ ಆಗ ನಮ್ಮ ಕಡೆ ಮನೆಗಳು ನಡೆಯುತ್ತಿದ್ದವು. ಈಗಿನ ಮನೆಗಳು ಕಟ್ಟಿದಲ್ಲೇ ಕೂತಿರುತ್ತವೆ.

ನಗಬೇಡಿ. ನನ್ನ ಕಣ್ಣೆದುರೇ ನಮ್ಮ ಮನೆ ಕಾಲುವೆಯ ಪಕ್ಕದಿಂದ ಎದ್ದು, ಎತ್ತಿನ ಗಾಡಿಗಳ ಮೇಲೆ ಮಲಗಿಕೊಂಡು, ಬೆಟ್ಟದ ಬದಿಯ ಮೇಡಿಗೆ, ಎಂದರೆ ದಿಬ್ಬಕ್ಕೆ, ಹೋಗಿ ಮತ್ತೆ ಎದ್ದು ನಿಂತಿತು. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ, ನಮ್ಮ ಹನುಮಂತನಪಟ್ಟಿಯ ಆಚೀಚೆ ಹುಟ್ಟಿದವರಾಗಿದ್ದರೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಅವರ ಮನೆಯೂ ಒಂದು ಸಲವಾದರೂ ನಡೆದಿರುತ್ತದೆ.

ನಮ್ಮದು ಮರದ ಮನೆ. ಮಣ್ಣಿನ ಗೋಡೆ ಇತ್ತು ನಿಜ, ಆದರೆ ಅದು ಏನನ್ನೂ ಹೊರುತ್ತಿರಲಿಲ್ಲ, ಬರೀ ಗಾಳಿಗೂ ನಾಯಿಗೂ ಅಡ್ಡ. ಭಾರವೆಲ್ಲ ಕಂಬಗಳ ಮೇಲೆ. ನಡುಮನೆಯ ನಾಲ್ಕು ಮೂಲೆಗೆ ಬೋಡಿಮೆಟ್ಟಿನ ಕಾಡಿನಿಂದ ಎತ್ತು ಕಟ್ಟಿ ಎಳೆದು ತಂದ ಹೊನ್ನೆಯ ಕಂಬಗಳು. ಅವುಗಳ ನೆತ್ತಿಯ ಮೇಲೆ ಹಲಸಿನ ತೊಲೆ. ತೊಲೆಯ ಮೇಲೆ ಅಟ್ಟ, ಅದರ ಮೇಲೆ ತಾಳೆಮರ ಸೀಳಿ ಮಾಡಿದ ಗಳು, ಎಲ್ಲಕ್ಕೂ ಮೇಲೆ ಹುಲ್ಲಿನ ಸೂರು. ಇಡೀ ಮನೆಯಲ್ಲಿ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ಕಂಬದ ತುದಿಯನ್ನು ನಾಲಗೆಯ ಹಾಗೆ ಕೆತ್ತಿ ತೊಲೆಯ ತೂತಿನೊಳಗೆ ಕೂರಿಸಿ, ಎರಡನ್ನೂ ಹಾಯುವ ಹಾಗೆ ಅಡ್ಡಲಾಗಿ ಒಂದು ಮರದ ಬೆಣೆ ಹೊಡೆದರೆ ಆಯಿತು. ಬೆಣೆ ಹೊಡೆದರೆ ಮನೆ, ಬೆಣೆ ಕಿತ್ತರೆ ಸೌದೆ.

ಕಂಬ ತೊಲೆಗಳ ಮೈಯಲ್ಲಿ ಯಾವ ಬೆಣೆಗೂ ಸೇರದ ಖಾಲಿ ತೂತುಗಳೂ ಇದ್ದವು. ಅವು ಹಳೇ ಮನೆಯವು ಎಂದು ಅವ್ವ ಹೇಳುತ್ತಿದ್ದಳು. ಅವ್ವ ಎಂದರೆ ಅಪ್ಪನ ತಾಯಿ. ಇದೇ ಮರಗಳು ಅವಳ ಅತ್ತೆಯ ಕಾಲದಲ್ಲಿ ಇನ್ನೆಲ್ಲೋ, ಇನ್ನೊಂದು ಆಕಾರದಲ್ಲಿ ನಿಂತಿದ್ದವಂತೆ. ಆಗ ಬಾಗಿಲಿದ್ದ ಕಡೆ ಈಗ ಗೋಡೆ, ಕೊಟ್ಟಿಗೆಯ ತೊಲೆ ಈಗ ನಡುಮನೆಗೆ. ದೊಡ್ಡವರಿಗೆ ಆ ತೂತುಗಳು ಮನೆಯ ಚರಿತ್ರೆ, ನನಗೆ ಅವು ಪೆಟ್ಟಿಗೆಗಳು. ಹುಣಸೆ ಬೀಜ, ಬಿದ್ದ ಹಲ್ಲು, ಗೆಳೆಯ ಕೆಂಚನಿಂದ ಗೆದ್ದ ಗಜ್ಜುಗ, ಎಲ್ಲ ಅಲ್ಲೇ. ಒಮ್ಮೆ ಬೆಲ್ಲ ಬಚ್ಚಿಟ್ಟು ಕಂಬಂ ಕಣಿವೆಯ ಇರುವೆಗಳಿಗೆಲ್ಲ ನಮ್ಮ ಮನೆಯ ದಾರಿ ತೋರಿಸಿದ ಕೀರ್ತಿಯೂ ನನ್ನದೇ.

ನಾಲ್ಕು ಕಂಬಗಳಲ್ಲಿ ಅಡುಗೆಮನೆಯ ಕಡೆಯದ್ದಕ್ಕೆ ಹೆರಿಗೆ ಕಂಬ ಎಂದು ಹೆಸರು. ಅದರ ತಲೆಯ ಮೇಲಿನ ತೊಲೆಗೆ ಹಗ್ಗ ಇಳಿಬಿಟ್ಟು, ಹೆರುವ ಹೆಂಗಸು ಅದನ್ನು ಹಿಡಿದು, ಬೆನ್ನನ್ನು ಕಂಬಕ್ಕೆ ಕೊಟ್ಟು ಕೂರುತ್ತಿದ್ದಳು. ಅಪ್ಪ ಅಲ್ಲಿ ಹುಟ್ಟಿದ್ದು, ಅಕ್ಕ ಅಲ್ಲಿ ಹುಟ್ಟಿದ್ದು. ನಾನೂ ಅಲ್ಲೇ ಹುಟ್ಟಿದ್ದು, ಹುಟ್ಟುವಾಗಲೇ ಹಗ್ಗ ಕಿತ್ತುಹೋಗುವಷ್ಟು ತೊಂದರೆ ಕೊಟ್ಟೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಹಗ್ಗ ಉಜ್ಜಿ ಉಜ್ಜಿ ತೊಲೆಯಲ್ಲಿ ಬೆರಳು ಹೋಗುವಷ್ಟು ಗೀರು ಬಿದ್ದಿತ್ತು.

ಬೆಟ್ಟದಾಚೆಯ ಹೊಳೆಯನ್ನು ಬೆಟ್ಟ ಕೊರೆದು ನಮ್ಮ ಕಣಿವೆಗೆ ತಿರುಗಿಸಿದರಲ್ಲ, ಅದರ ಮಾರನೆಯ ಬೇಸಿಗೆಯ ಮಾತು ಇದು. ಕಂಬು, ಎಂದರೆ ಸಜ್ಜೆ, ಬೆಳೆಯುತ್ತಿದ್ದ ಹೊಲದಲ್ಲಿ ಭತ್ತ ನಿಂತಿತು. ಊರಿಗೆಲ್ಲ ಸಂತೋಷ. ನಮ್ಮ ಮನೆಗೆ ಮಾತ್ರ ನೆಗಡಿ. ಹೊಸ ಕಾಲುವೆ ಹಿತ್ತಲ ಪಕ್ಕದಲ್ಲೇ ಹರಿದದ್ದರಿಂದ ನೆಲ ಒಸರತೊಡಗಿತು. ಚಾಪೆ ಎತ್ತಿದರೆ ಕೆಳಗೆ ಒದ್ದೆ. ಕಂಬದ ಬುಡಕ್ಕೆ ಗೆದ್ದಲು ಏರಿತು. ಅಪ್ಪ ಒಂದು ಬೆಳಿಗ್ಗೆ ಕಂಬದ ಕಾಲಿಗೆ ಕಿವಿ ಇಟ್ಟು ಕೇಳಿ, ಕುಡುಗೋಲಿನ ಹಿಡಿಯಿಂದ ತಟ್ಟಿ, ಎದ್ದು ನಿಂತು, ಮನೆಯನ್ನು ಮೇಡಿಗೆ ಒಯ್ಯೋಣ ಎಂದರು. ಆಡಿ ತಿಂಗಳ, ಎಂದರೆ ಆಷಾಢದ, ಗಾಳಿ ಶುರುವಾಗುವುದರೊಳಗೆ ಸೂರು ಹೊದಿಸಬೇಕು. ಬೆಟ್ಟದ ಸಂದಿಯಿಂದ ನುಗ್ಗುವ ಆ ಗಾಳಿಗೆ ಅರ್ಧ ಕಟ್ಟಿದ ಮನೆ ಎಂದರೆ ಹಬ್ಬ.

ಇಷ್ಟೇ ಆಗಿದ್ದರೆ ಅಷ್ಟೊಂದು ಅವಸರವಿರಲಿಲ್ಲ. ಆದರೆ ಚೆನ್ನಕ್ಕ ಬಸುರಿಯಾಗಿ ಮನೆಗೆ ಬಂದಿದ್ದಳು.

ಅಕ್ಕನನ್ನು ಕೊಟ್ಟದ್ದು ಬತ್ತಲಗುಂಡಿನ ಕಡೆಗೆ. ಮೊದಲ ಸಲ ನಾವು ಗಾಡಿ ಕಟ್ಟಿಕೊಂಡು ಕರೆತರಲು ಹೊರಡುವ ಮೊದಲೇ, ದಿನ ತುಂಬದೆ, ಗಂಡನ ಮನೆಯಲ್ಲೇ ಹೆರಿಗೆಯಾಗಿ ಮಗು ಉಳಿದಿರಲಿಲ್ಲ. ಈ ಸಲ ಯಾರ ಮಾತಿಗೂ ಕಾಯದೆ ಬೇಗನೆ ಬಂದುಬಿಟ್ಟಳು. ಬಂದು ನೋಡಿದರೆ ಮನೆ ಕೆಳಗಿಳಿಯುತ್ತಿದೆ. ಸೂರಿನ ಹುಲ್ಲು ಒಂದು ಕಡೆ, ಗಳುಗಳು ಒಂದು ಕಡೆ. ಅವಳ ಕಂಬ ಅಂಗಳದಲ್ಲಿ ಅಡ್ಡ ಮಲಗಿದೆ, ಅದರ ಮೇಲೆ ಕೋಳಿ ಕೂತಿದೆ. ಅಕ್ಕ ಕೋಳಿ ಓಡಿಸಿ, ಸೆರಗಿನಿಂದ ಕಂಬ ಒರೆಸಿದಳು.

ಅವತ್ತು ಸಂಜೆ ನಾನು ಅವಳ ಪಕ್ಕ ಕೂತು, ನಿಮ್ಮೂರಲ್ಲಿ ಕಂಬವೇ ಇಲ್ಲವೇನೆ ಎಂದು ರೇಗಿಸಲು ಹೋದೆ. ನನ್ನ ತಲೆ ಸವರಿದಳು.

"ಅಲ್ಲಿ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲಡಾ, ಬೊಮ್ಮು."

ಅಷ್ಟೇ ಹೇಳಿದ್ದು.

ಆ ಬೇಸಿಗೆಯನ್ನು ನಾವು ಮೇಡಿನ ಹುಣಸೆ ಮರದ ಕೆಳಗೆ ಕಳೆದೆವು. ನನ್ನ ಪಾಲಿಗೆ ಅದು ಸ್ವರ್ಗ. ಅಮ್ಮ ಬಯಲಲ್ಲೇ ಮೂರು ಕಲ್ಲು ಹೂಡಿ ಕಂಬಿನ ಕಳಿ ಎಂಬ ಮುದ್ದೆ ತೊಳಸುತ್ತಿದ್ದಳು. ಹಸಿ ಈರುಳ್ಳಿ, ಸುಟ್ಟ ಮೆಣಸಿನಕಾಯಿ, ಹುಣಸೆ ಚಿಗುರಿನ ಗೊಜ್ಜು. ಮಧ್ಯಾಹ್ನ ತಾಟಿನಿಂಗು. ಕೈಗೆಲ್ಲ ಅಂಟು, ಅಂಗಿಗೆಲ್ಲ ಕಲೆ. ಬಿಚ್ಚಿಟ್ಟ ಮರಗಳಿಂದ ಹರಳೆಣ್ಣೆ, ಹೊಗೆ, ಹಳೇ ಧಾನ್ಯದ ವಾಸನೆ ಬರುತ್ತಿತ್ತು. ರಾಶಿಯ ಪಕ್ಕ ಕಣ್ಣು ಮುಚ್ಚಿ ಕೂತರೆ ಮನೆಯೊಳಗೇ ಇದ್ದ ಹಾಗೆ.

ನಮ್ಮಲ್ಲಿ ಮನೆ ನಿಲ್ಲಿಸುವಾಗ ಮೊದಲು ನಿಲ್ಲಿಸುವುದು ಬಾಗಿಲು. ಒಳ್ಳೆಯ ದಿನ ನೋಡಿ, ಹೊಸ್ತಿಲಿಗೆ ಅರಿಶಿನ ಬಳಿದು, ಬಾಗಿಲಿನ ಚೌಕಟ್ಟನ್ನು ಕದದ ಸಮೇತ ಬಯಲಲ್ಲಿ ನಿಲ್ಲಿಸಿದರು. ಎಡಕ್ಕೂ ಗೋಡೆಯಿಲ್ಲ, ಬಲಕ್ಕೂ ಗೋಡೆಯಿಲ್ಲ. ಬೆಟ್ಟಕ್ಕೆ ಬಾಗಿಲು ಹಾಕಿದ ಹಾಗಿತ್ತು. ಅವ್ವನಿಗೆ ಮಾತ್ರ ಅವತ್ತಿನಿಂದ ಅದು ಮನೆ. ಹಗ್ಗ ಹಿಡಿದು ಗುರುತು ಹಾಕಿದ ಗೆರೆಯೊಳಗೆ ಯಾರೇ ಬರಲಿ, ಬಾಗಿಲಿಂದಲೇ ಬರಬೇಕು. ನೀರು ತಂದ ಅಮ್ಮ, ಮರ ಹೊತ್ತ ಆಳುಗಳು, ಎಲ್ಲರೂ ಸುತ್ತಿ ಬಂದು ತಲೆ ಬಗ್ಗಿಸಿ ಹೊಸ್ತಿಲು ದಾಟುತ್ತಿದ್ದರು. ನಾನು ಗೋಡೆ ಬರಬೇಕಾದ ಜಾಗದಿಂದ ನುಗ್ಗಿದರೆ ಅವ್ವ ಕೋಲು ಎತ್ತುತ್ತಿದ್ದಳು.

"ಗ್ವಾಡೆ ತೂರ್ಕೊಂಡು ಬರ್ತೀಯಲ್ಲಡಾ, ನೀನೇನು ದೆವ್ವನಾ? ಹೋಗು, ಬಾಗ್ಲಾಗೆ ಬಾ."

ನಾನು ಹೊರಗೆ ಹೋಗಿ, ಸುತ್ತಿ, ಕದ ತಟ್ಟಿ, ಅವ್ವ ಚಿಲಕ ತೆಗೆಯುವವರೆಗೆ ಕಾಯುತ್ತಿದ್ದೆ. ಅವಳು ಗಂಭೀರವಾಗಿ ತೆಗೆಯುತ್ತಿದ್ದಳು. ಮೇಕೆ ಮಾತ್ರ ಯಾವ ಮರ್ಯಾದೆಯನ್ನೂ ಇಟ್ಟುಕೊಳ್ಳಲಿಲ್ಲ.

ಮನೆ ಬಿಚ್ಚುವ, ಕೂಡಿಸುವ ಕೆಲಸವೆಲ್ಲ ಒಬ್ಬ ಆಸಾರಿಯದು, ಎಂದರೆ ಬಡಗಿಯದು. ತಮಿಳಿನವರು. ಕನ್ನಡದ ಮನೆಗಳಲ್ಲೇ ಕೆಲಸ ಮಾಡಿ ನಮ್ಮ ಮಾತು ಕಲಿತಿದ್ದರು, ಆದರೆ ಆ ಮಾತು ಅವರ ಮೂಗಿನಲ್ಲಿದ್ದ ನಶ್ಯದ ನಡುವೆ ದಾರಿ ಮಾಡಿಕೊಂಡು ಬರಬೇಕಿತ್ತು. ಅವರ ಬಚ್ಚಲ ಬಾಗಿಲೇ ಸರಿಯಾಗಿ ಮುಚ್ಚುವುದಿಲ್ಲ ಎಂದು ಅವರ ಹೆಂಡತಿ ಊರಿಗೆಲ್ಲ ಹೇಳಿದ್ದಳು. ಅವರು ಕಿತ್ತ ಬೆಣೆಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ, ಅದನ್ನು ನನ್ನ ತೊಡೆಯ ಮೇಲೆ ಇಟ್ಟರು.

"ತಂಬಿ, ಇದು ಬುಟ್ಟಿ ಅಲ್ಲ. ಮನೆ. ಪತ್ರಮಾ ಇಟ್ಕೋ."

ಪತ್ರ ಎಂದರೆ ತಮಿಳಿನಲ್ಲಿ ಜೋಪಾನ. ಜೋಪಾನವಾಗಿಯೇ ಇಟ್ಟುಕೊಂಡೆ. ಮೊದಲ ದಿನ ಬುಟ್ಟಿಯನ್ನು ಕೆಳಗೇ ಇಳಿಸಲಿಲ್ಲ. ಎರಡನೆಯ ದಿನ ಅದರ ಮೇಲೆ ತಲೆ ಇಟ್ಟು ಮಲಗಿ ಕಿವಿಗೆ ಗಾಯ ಮಾಡಿಕೊಂಡೆ. ಆಮೇಲೆ ಕೆಂಚ ಬಂದ.

ಕೆಂಚ ಪಕ್ಕದ ಹೊಲದವನು, ನನ್ನ ಜೊತೆಗಾರ. ಚಿಣ್ಣಿದಾಂಡು ಆಡೋಣ ಎಂದ. ದಾಂಡು ತಂದಿದ್ದ, ಚಿಣ್ಣಿ ತಂದಿರಲಿಲ್ಲ. ನಾನು ಬುಟ್ಟಿಯೊಳಗೆ ನೋಡಿದೆ. ಹೆರಿಗೆ ಕಂಬದ ತೊಲೆಯಿಂದ ತೆಗೆದ ಬೆಣೆ ಎಲ್ಲಕ್ಕಿಂತ ಮೇಲೇ ಇತ್ತು. ಕರೀ ಮೈ, ಎರಡೂ ತುದಿ ಸವೆದು ನುಣುಪಾಗಿ, ಕೈಯಲ್ಲಿ ಹಿಡಿದರೆ ದೇವರು ಚಿಣ್ಣಿ ಮಾಡಲು ಹೊರಟು ತಪ್ಪಿ ಬೆಣೆ ಮಾಡಿದ ಹಾಗೆ. ಒಂದೇ ಹೊಡೆತ ಎಂದುಕೊಂಡೆ.

ಆ ಹೊಡೆತದ ಬಗ್ಗೆ ನಾನು ಈಗಲೂ ಹೆಮ್ಮೆ ಪಡುತ್ತೇನೆ. ಅಂಥ ಹೊಡೆತ ನಾನು ಮುಂದೆಂದೂ ಹೊಡೆಯಲಿಲ್ಲ. ಚಿಣ್ಣಿ ಮೇಡಿನಿಂದ ಹಾರಿತು, ಹುಣಸೆ ಮರ ದಾಟಿತು, ಎರಡು ಗದ್ದೆ ದಾಟಿತು, ದಾರಿಯಲ್ಲಿ ಕೊಕ್ಕರೆಯೊಂದು ತಲೆ ಬಗ್ಗಿಸಿ ಜಾಗ ಕೊಟ್ಟಿತು, ಹೋಗಿ ಹೊಸ ಕಾಲುವೆಯ ನಡುವೆ ಬಿತ್ತು. ಬೆಟ್ಟ ಕೊರೆದು ತಂದ ನೀರು ಅದನ್ನು ನಮ್ಮನ್ನು ಕೇಳದೆ ಮದುರೆಯ ಕಡೆ ಒಯ್ದಿತು. ನಾವಿಬ್ಬರೂ ಎದೆಮಟ್ಟ ನೀರಿನಲ್ಲಿ ತಡಕಿದೆವು. ಕೆಂಚನಿಗೆ ಒಂದು ಏಡಿ ಸಿಕ್ಕಿತು. ನನಗೆ ಅದೂ ಇಲ್ಲ. ಕೆಂಚ ಏಡಿ ಹಿಡಿದುಕೊಂಡು ಮನೆಗೆ ಹೋದ.

ದಡದಲ್ಲಿ ಕೂತು ಅಳುತ್ತಿದ್ದಾಗ ಪಕ್ಕದಲ್ಲಿ ಒಂದು ಒಣ ಕೊಂಬೆ ಬಿದ್ದಿರುವುದು ಕಂಡಿತು. ನೆಟ್ಟಗಿತ್ತು. ಬೆಣೆಯಷ್ಟೇ ದಪ್ಪ. ಮೇಲೆ ನೋಡಿದರೆ ಹೊಂಗೆ ಮರ.

ಇಲ್ಲಿ ಹೊಂಗೆಯ ವಿಷಯ ಹೇಳಬೇಕು. ನಮ್ಮವರು ಹಳೇ ಕಾಲದಲ್ಲಿ ಬಡಗಣ ಕನ್ನಡ ಸೀಮೆಯಿಂದ ಯಾವುದೋ ಆಪತ್ತಿಗೆ ಹೆದರಿ ಹೆಂಗಸರು ಮಕ್ಕಳ ಸಮೇತ ಓಡಿಬಂದಾಗ ಎದುರಿಗೆ ತುಂಬಿದ ಹೊಳೆ. ಹಿಂದೆ ಬೆನ್ನಟ್ಟಿದವರು. ಆಗ ದಡದ ಹೊಂಗೆ ಮರವೊಂದು ಬಾಗಿ ಆಚೆ ದಡಕ್ಕೆ ತಲೆ ಇಟ್ಟಿತಂತೆ. ಎಲ್ಲರೂ ಅದರ ಬೆನ್ನ ಮೇಲೆ ದಾಟಿದರಂತೆ. ಈ ಕತೆಯನ್ನು ಅವ್ವ ಹೇಳುವಾಗ ಮರವನ್ನು ಅವಳು ಎಂದೇ ಹೇಳುತ್ತಿದ್ದಳು. ಅದಕ್ಕೇ ನಮ್ಮಲ್ಲಿ ಹೊಂಗೆಯನ್ನು ಕಡಿಯುವುದಿಲ್ಲ, ಒಲೆಗೆ ಹಾಕುವುದಿಲ್ಲ, ಮನೆಗಂತೂ ಹಾಕುವುದೇ ಇಲ್ಲ. ನಮ್ಮ ಭಾರವನ್ನು ಅವಳು ಒಂದು ಸಲ ಹೊತ್ತಾಗಿದೆ, ಮತ್ತೆ ಅವಳ ಮೇಲೆ ಹೊರಿಸಬಾರದು.

ನನಗೆ ಇದೆಲ್ಲ ಗೊತ್ತಿತ್ತು. ಆದರೆ ಅಳುವ ಹುಡುಗನೊಳಗೆ ಒಬ್ಬ ವಕೀಲ ಇರುತ್ತಾನೆ. ನಾನು ಕಡಿದಿಲ್ಲ, ಅದೇ ಬಿದ್ದಿದೆ. ನಾನು ಸುಡುತ್ತಿಲ್ಲ. ಇಡೀ ಮರವನ್ನೇನೂ ಮನೆಗೆ ಹಾಕುತ್ತಿಲ್ಲ, ಒಂದು ತುಂಡು. ಕುಡುಗೋಲಿನಿಂದ ಹೆರೆದೆ. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಳಿದೆ. ಬೆಣೆಗಿಂತ ನನ್ನ ಮುಖವೇ ಹೆಚ್ಚು ಕಪ್ಪಾಯಿತು. ಬುಟ್ಟಿಯ ತಳದಲ್ಲಿ ಹುದುಗಿಸಿಟ್ಟೆ.

ತೊಲೆ ಏರಿಸುವ ದಿನ ಊರಿಗೆ ಊರೇ ಬಂತು. ಹಗ್ಗ ಕಟ್ಟಿ, ಕವೆಗೋಲು ಕೊಟ್ಟು, ಐಲಸಾ ಕೂಗುತ್ತಾ ಗಂಡಸರು ತೊಲೆಯನ್ನು ಕಂಬಗಳ ತಲೆಗೆ ಕೂರಿಸಿದರು. ಹೆಂಗಸರು ಅಂಬಲಿ ಹೊಯ್ಯುತ್ತಾ ಯಾರ ಪಂಚೆ ಯಾವಾಗ ಬಿಚ್ಚಿಕೊಳ್ಳುತ್ತದೆ ಎಂದು ಕಾಯುತ್ತಿದ್ದರು. ಆಸಾರಿ ಏಣಿಯ ಮೇಲಿಂದ ಕೈ ಚಾಚಿದರೆ ನಾನು ಬುಟ್ಟಿಯಿಂದ ಬೆಣೆ ಕೊಡಬೇಕು. ಹೆರಿಗೆ ಕಂಬದ ಸರದಿ ಬಂತು. ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು. ಮೂಸಿದರು. ನನ್ನನ್ನು ನೋಡಿದರು. ಆಮೇಲೆ ಒಂದು ಚಿಟಿಕೆ ನಶ್ಯ ಏರಿಸಿ ತಿರುಗಿಕೊಂಡರು. ನಾನು ಕಣ್ಣು ಮುಚ್ಚಿದೆ. ಕೊಡತಿಯ ಏಟು ಕೇಳಿತು, ಬೇಕಾದ್ದಕ್ಕಿಂತ ಹೆಚ್ಚೇ ಕೇಳಿತು ಎನಿಸಿತು. ಕಣ್ಣು ಬಿಟ್ಟಾಗ ತೊಲೆಯ ಮೈಗೆ ಸಮನಾಗಿ ಕರೀ ತುದಿಗಳು ಕೂತಿದ್ದವು. ಆಕಾಶ ಬೀಳಲಿಲ್ಲ. ಗೆದ್ದೆ ಎಂದುಕೊಂಡೆ.

ಮಾರನೆಯ ದಿನ ಆಸಾರಿ ಬೇರೆ ಕೆಲಸಕ್ಕೆ ಬೋಡಿಗೆ ಹೋದರು. ನಮ್ಮವರು ಸೂರು ಹೊದಿಸತೊಡಗಿದರು. ಗೋಡೆ ಇನ್ನೂ ಇರಲಿಲ್ಲ, ಕಂಬದಿಂದ ಕಂಬಕ್ಕೆ ತಾಳೆಗರಿಯ ತಟ್ಟಿ ಕಟ್ಟಿದ್ದರು, ಅಷ್ಟೇ. ಅರ್ಧ ಸೂರು ಹೊದಿಸಿದ್ದಾಗ, ಒಂದು ಮಧ್ಯಾಹ್ನ, ಆಡಿಗೆ ಇನ್ನೂ ದಿನವಿದ್ದರೂ ಗಾಳಿ ಎದ್ದಿತು. ಅದೇ ಹೊತ್ತಿಗೆ ಅಕ್ಕನಿಗೆ ನೋವು ಕಾಣಿಸಿತು.

ಸೂಲಗಿತ್ತಿಯನ್ನು ಕರೆಸಿದರು. ಅಮ್ಮ ನೀರು ಕಾಯಿಸಿದಳು. ಅವ್ವ ತೊಲೆಗೆ ಹಗ್ಗ ಎಸೆದು, ಎರಡು ಸಲ ಜಗ್ಗಿ ನೋಡಿ, ಅಕ್ಕನನ್ನು ಬಾಗಿಲಿಂದಲೇ ಒಳಗೆ ಕರೆದುಕೊಂಡು ಹೋದಳು. ಹೊಸ್ತಿಲ ಹತ್ತಿರ ಅಕ್ಕ ನಿಂತು, ಒಳಗಿನ ಕಂಬ ನೋಡಿ, ನೋವಿನ ನಡುವೆಯೂ ಸ್ವಲ್ಪ ನಕ್ಕಳು. ಕದ ಮುಚ್ಚಿತು.

ನಾನು ಹೊರಗಿದ್ದೆ. ಆ ನಗು ನನ್ನನ್ನು ಕೊಂದಿತು. ಇನ್ನು ಅಕ್ಕನ ಭಾರವೆಲ್ಲ ಆ ಹಗ್ಗದ ಮೇಲೆ, ಹಗ್ಗ ತೊಲೆಯ ಮೇಲೆ, ತೊಲೆ ನನ್ನ ಮಸಿ ಬಳಿದ ಕಡ್ಡಿಯ ಮೇಲೆ. ಹೊಂಗೆ ಹುಳು ಬೀಳುವ ಮರ ಎಂದು ಅಪ್ಪ ಯಾವಾಗಲೋ ಹೇಳಿದ್ದು ನೆನಪಾಯಿತು. ಗಾಳಿ ಒಂದು ಸಲ ಬೀಸಿತು. ಸೂರು ಉಸಿರೆಳೆದುಕೊಂಡ ಹಾಗೆ ಎದ್ದು ಕೂತಿತು. ಒಳಗೆ ಅಕ್ಕ ಕೂಗಿದಳು. ಹಗ್ಗ ತೊಲೆಗೆ ಉಜ್ಜುವ ಸದ್ದು ಕಿರ್‌ ಎಂದಿತು.

ನಾನು ತಟ್ಟಿಯ ಕಡೆಗೆ ಓಡಿ ಅವ್ವಾ ಎಂದು ಕಿರುಚಿದೆ. ಗಂಡು ಹುಡುಗ ಅಲ್ಲಿಗೆ ಬರುವ ಹಾಗಿಲ್ಲ. ಅವ್ವನ ಮುಖ ತಟ್ಟಿಯ ಸಂದಿನಲ್ಲಿ ಕಂಡಿತು.

"ಗ್ವಾಡೆ ತಾವ ಏನ್ಡಾ? ಬಾಗ್ಲಿಗೆ ಬಾ."

ಹಾಗೆ ಹೇಳಿದಳು, ಆ ಹೊತ್ತಿನಲ್ಲೂ. ಸುತ್ತಿ ಓಡಿದೆ. ಅವಳು ಹೊಸ್ತಿಲ ಮೇಲೆ ಬಂದು ನಿಂತಳು. ಅಪ್ಪ ಸೂರಿನ ಮೇಲಿಂದ ಹುಲ್ಲಿನ ಕಂತೆ ಹಿಡಿದೇ ಇಳಿದು ಬಂದರು. ಎಲ್ಲ ಒಂದೇ ಉಸಿರಿಗೆ ಹೇಳಿದೆ: ಚಿಣ್ಣಿ, ಕೊಕ್ಕರೆ, ಕಾಲುವೆ, ಏಡಿ, ಮಸಿ, ಹೊಂಗೆ. ಕೊಕ್ಕರೆಯ ವಿಷಯ ಬೇಕಿರಲಿಲ್ಲ, ಆದರೂ ಹೇಳಿದೆ. ಹೊಂಗೆ ಎಂದ ಕೂಡಲೇ ಅಪ್ಪನ ಕೈಯಿಂದ ಕಂತೆ ಬಿತ್ತು. ಸೂರಿನ ಮೇಲಿದ್ದವರೆಲ್ಲ ಕೆಳಗಿಳಿದು ಬಂದರು. ಅವಳನ್ನು ಹೊರಗೆ ಕರೆತರೋಣ ಎಂದು ಒಬ್ಬರು, ಈಗ ಅಲುಗಿಸಿದರೆ ಕೆಟ್ಟೀತು ಎಂದು ಇನ್ನೊಬ್ಬರು. ಎಲ್ಲಿಗೆ ಕರೆತರುವುದು, ಬಯಲಿಗಾ ಎಂದು ಅಪ್ಪ. ಒಳಗಿಂದ ಅಕ್ಕನ ದನಿ ಕೇಳಿತು. ಎಲ್ಲ ಕೇಳಿಸಿಕೊಂಡಿದ್ದಳು.

"ನಾ ಬಿಡಕಿಲ್ಲ. ಈ ಕಂಬ ಬಿಟ್ಟು ನಾ ಎಲ್ಲಿಗೂ ಬರಕಿಲ್ಲ."

ಅವ್ವ ನನ್ನ ಗಲ್ಲ ಹಿಡಿದು ಮುಖ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ದಿಟ ಹೇಳು. ಕಡ್ದಿದ್ದಾ, ಬಿದ್ದಿದ್ದಾ?"

"ಬಿದ್ದಿದ್ದು ಅವ್ವಾ. ನಾ ಮುಟ್ಟೂ ಇರ್ಲಿಲ್ಲ, ಅದೇ ಬಿದ್ದಿತ್ತು."

ಅವ್ವ ಕಾಲುವೆಯ ಕಡೆ ನೋಡಿದಳು. ಗಾಳಿಗೆ ಅವಳ ಬಿಳೀ ಕೂದಲು ಬಿಚ್ಚಿ ಹಾರುತ್ತಿತ್ತು. ಆಮೇಲೆ ಒಳಗಿರುವವಳಿಗೂ ಕೇಳುವ ಹಾಗೆ ಹೇಳಿದಳು.

"ನಾವು ಕರೀಲಿಲ್ಲ. ಅವ್ಳಾಗೇ ಬಂದವ್ಳೆ. ಹೆಣ್ಣುಕೂಸು ಒಬ್ಳು ದಾಟ್ಬೇಕು ಅಂತ ತಿಳ್ದೇ ಬಂದವ್ಳೆ. ಹಿಡ್ಕೋ ಚೆನ್ನಿ, ಗಟ್ಟಿಯಾಗಿ ಹಿಡ್ಕೋ."

ಅಷ್ಟು ಹೇಳಿ, ದೇವರ ಮೇಲೆ ಭಾರ ಹಾಕಿ ಸುಮ್ಮನಿರುವ ಹೆಂಗಸಲ್ಲ ನಮ್ಮವ್ವ. ತೊಲೆಯ ತುದಿ ತಟ್ಟಿಯಿಂದ ಆಚೆಗೆ ಒಂದು ಮೊಳ ಚಾಚಿಕೊಂಡಿತ್ತು. ಅದರ ಕೆಳಗೆ ಗಾಡಿಯ ಮೂಕಿಯನ್ನು, ನೊಗ ಕಟ್ಟುವ ಆ ಉದ್ದನೆಯ ಮರವನ್ನು, ನೆಟ್ಟಗೆ ನಿಲ್ಲಿಸಿ ಆಸರೆ ಕೊಡು ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಗಾಡಿಯಿಂದ ಮೂಕಿ ಕಿತ್ತು ತಂದು ನಿಲ್ಲಿಸಿ ಬುಡಕ್ಕೆ ಕಲ್ಲು ಕೊಟ್ಟರು. ಅದು ಜಾರದ ಹಾಗೆ ಯಾರಾದರೂ ತಬ್ಬಿಕೊಂಡು ಕೂರಬೇಕು. ಯಾರು ಎಂದು ಯಾರೂ ಕೇಳಲಿಲ್ಲ.

ಕೂತೆ. ಎರಡು ಕೈ, ಎರಡು ಕಾಲು, ಗಲ್ಲ, ಎಲ್ಲ ಮೂಕಿಗೆ ಸುತ್ತಿಕೊಂಡು ಕೂತೆ. ಇಡೀ ಮನೆಯನ್ನು ನಾನೇ ಹೊತ್ತಿದ್ದೇನೆ ಎಂದು ನನಗೆ ಸ್ವಲ್ಪವೂ ಅನುಮಾನವಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೆ ಓಡಿಸಲಿಲ್ಲ. ಓಡಿಸಿದರೆ ಸೂರು ಕುಸಿದೀತು. ಕೆಂಚ ಬಂದು ನೋಡಿ, ಮರಕ್ಕೆ ಹತ್ತಿದ ಓತಿಕ್ಯಾತದ ಹಾಗಿದ್ದೀಯ ಎಂದ. ಮನೆ ಹೊತ್ತವರು ಹಾಗೆಲ್ಲ ಮಾತಾಡುವುದಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಒಂದು ತಿಳಿಯಿತು. ಒಳಗೆ ಅಕ್ಕ ಹಗ್ಗ ಜಗ್ಗಿದಾಗ ತೊಲೆ ಕಾಣದಷ್ಟು ಸಣ್ಣಗೆ ನಡುಗುತ್ತಿತ್ತು. ಆ ನಡುಕ ಮೂಕಿಗೆ ಇಳಿದು ನನ್ನ ಗಲ್ಲಕ್ಕೆ ಬರುತ್ತಿತ್ತು. ಅವಳು ಕೂಗುವ ಮೊದಲೇ ನನಗೆ ಗೊತ್ತಾಗುತ್ತಿತ್ತು, ಇಗೋ ನೋವು ಬಂತು ಎಂದು. ಅವಳು ಬಿಟ್ಟಾಗ ಮರವೂ ಉಸಿರು ಬಿಡುತ್ತಿತ್ತು. ನಾವಿಬ್ಬರೂ ಒಂದೇ ಮರದ ಎರಡು ತುದಿಯಲ್ಲಿ ಕೂತಿದ್ದೆವು. ಹಿಡ್ಕೊಳ್ಳೇ ಅಕ್ಕಾ, ನಾನು ಈ ಕಡೆ ಹಿಡಿದಿದ್ದೇನೆ ಎಂದು ಮೂಕಿಗೆ ಬಾಯಿ ಹಚ್ಚಿ ಹೇಳುತ್ತಲೇ ಇದ್ದೆ. ಮರದ ಮೂಲಕ ಹೋಗುತ್ತದೆ ಎಂದು ನಂಬಿದ್ದೆ.

ನೆರಳು ಹುಣಸೆ ಮರ ದಾಟಿ ಬೆಟ್ಟದ ಕಡೆ ಚಾಚಿತು. ನಡುಕ ಬೇಗ ಬೇಗ ಬರತೊಡಗಿತು. ಆಮೇಲೆ ಒಂದು ಬಂತು, ಮೂಕಿಯೇ ನೆಲದಿಂದ ಏಳುತ್ತದೆಯೋ ಎನ್ನುವಂಥದ್ದು. ಅದು ನಿಂತಿತು. ಮತ್ತೆ ಬರಲಿಲ್ಲ. ಮರ ಪೂರ್ತಿ ಸುಮ್ಮನಾಯಿತು. ಅಂಥ ಭಯ ನನಗೆ ಹಿಂದೆಯೂ ಆಗಿಲ್ಲ, ಮುಂದೆಯೂ ಆಗಿಲ್ಲ. ಆ ಸುಮ್ಮನಿರುವಿಕೆಯೊಳಗಿಂದ ಬೆಕ್ಕಿನ ಮರಿಯ ಹಾಗೆ ಒಂದು ದನಿ, ಆಮೇಲೆ ಗಟ್ಟಿಯಾಗಿ, ಸಿಟ್ಟಿನಿಂದ, ಒಂದು ಅಳು.

ಹೆಣ್ಣು ಮಗು. ಅವ್ವ ಹೊಂಗಮ್ಮ ಎಂದು ಹೆಸರಿಟ್ಟಳು. ನನ್ನನ್ನು ಮೂಕಿಯಿಂದ ಬಿಡಿಸಲು ಇಬ್ಬರು ಬೇಕಾದರು. ಕೈಕಾಲು ಜೋಮು ಹಿಡಿದು ಬಿಟ್ಟುಕೊಳ್ಳುತ್ತಿರಲಿಲ್ಲ. ಮೂರನೆಯ ದಿನ ಅಕ್ಕ ಬಾಣಂತಿ ಮಂಚದಿಂದಲೇ ನನ್ನನ್ನು ಕರೆದು, ಮಗುವಿನ ಮುಷ್ಟಿಯನ್ನು ನನ್ನ ಬೆರಳಿಗೆ ತಾಗಿಸಿದಳು. ಅದು ಗಪ್ಪನೆ ಹಿಡಿದುಕೊಂಡಿತು. ಹಿಡಿತ ನೋಡು ಎಂದಳು ಅಕ್ಕ, ಅಷ್ಟೇ.

ಅವ್ವ ಆ ಬೆಣೆಗೆ ಅರಿಶಿನ ಕುಂಕುಮ ಹಚ್ಚಿದಳು. ಶುಕ್ರವಾರ ಶುಕ್ರವಾರ ಏಣಿ ಹಾಕಿಸಿ, ನನ್ನನ್ನೇ ಹತ್ತಿಸಿ, ಹೂವು ಇಡಿಸುತ್ತಿದ್ದಳು. ಊರಿಂದಲೂ ಹೆಂಗಸರು ಬಂದು ನೋಡಿ ಹೋದರು. ಮತ್ತೆ ಒಂದು ಸಲ ಹೊತ್ತವಳು ಎಂದರು. ಚಿಣ್ಣಿಯ ವಿಷಯವನ್ನು ಎಲ್ಲರೂ ಮರೆತು, ಹುಡುಗನ ಕೈಯಲ್ಲಿ ದೇವರೇ ಮಾಡಿಸಿದ್ದು ಎಂದರು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಒಬ್ಬ ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ಗಳು ಬದಲಿಸಲು ಆ ಆಸಾರಿಯೇ ಬಂದರು. ನಾನು ಅಟ್ಟ ಹತ್ತಿ, ತೊಲೆಯ ಮೇಲೆ ಕುದುರೆ ಸವಾರಿ ಕೂತು, ಹಳೇ ಪ್ರೀತಿಯಿಂದ ನನ್ನ ಬೆಣೆಯನ್ನು ಬೆರಳಿಂದ ಒತ್ತಿದೆ. ಅದು ಒಣಗಿ ಕುಗ್ಗಿ ಸಡಿಲವಾಗಿತ್ತು. ಸರ್ರನೆ ಜಾರಿ ಕೈಗೆ ಬಂದುಬಿಟ್ಟಿತು.

ಇಡೀ ಮನೆ ಬೀಳುತ್ತದೆ ಎಂದು ಕಣ್ಣು ಮುಚ್ಚಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ಮನೆ ಬೀಳಲಿಲ್ಲ. ಕೆಳಗಿಂದ ಸೀನು ಕೇಳಿತು.

"ತಂಬಿ, ಎಷ್ಟೊತ್ತು ಕಾಯ್ತೀಯ? ಅದು ಬೀಳಲ್ಲ."

ಆಸಾರಿ ನಶ್ಯದ ಡಬ್ಬಿ ಮುಚ್ಚುತ್ತಾ ಹೇಳಿದರು. ಅವತ್ತು ಮೂಸಿದಾಗಲೇ ಅವರಿಗೆ ಹೊಂಗೆ ಎಂದು ತಿಳಿದಿತ್ತು. ನಮ್ಮ ಜನ ಹೊಂಗೆಯ ಮೇಲೆ ಭಾರ ಹಾಕುವುದಿಲ್ಲ ಎಂದೂ ತಿಳಿದಿತ್ತು. ಅಷ್ಟು ಜನರ ಎದುರಿಗೆ ನನ್ನ ಬೆನ್ನು ಮುರಿಸುವುದು ಯಾಕೆ ಎಂದು, ಸೊಂಟದಲ್ಲಿದ್ದ ಹುಣಸೆ ಮರದ ಗಟ್ಟಿ ಚೇಗಿನ ಬೆಣೆಯನ್ನು ಸರಿಯಾದ ತೂತಿಗೆ ಹೊಡೆದು, ನನ್ನದನ್ನು ಪಕ್ಕದ ಖಾಲಿ ತೂತಿಗೆ, ಹಳೇ ಮನೆಯ ತೂತಿಗೆ, ಸುಮ್ಮನೆ ತಟ್ಟಿ ಕೂರಿಸಿದ್ದರು. ಬೋಡಿಯಿಂದ ಬಂದು ನನ್ನನ್ನು ಒಂದು ವರ್ಷ ಹೆದರಿಸಿ ಆಡಿಸಬೇಕೆಂದಿದ್ದರಂತೆ. ಬಂದು ನೋಡಿದರೆ ಅದಕ್ಕೆ ಕುಂಕುಮ.

"ನಿನ್ನ ಆಪು ಒಂದು ಗುಬ್ಬೀನೂ ತಾಂಗ್ಲಿಲ್ಲ ತಂಬಿ. ಆದ್ರೆ ಸಾಮಿಯಾಗಿ ಕೂತುಬಿಟ್ಟದ್ದನ್ನ ನಾನು ಎಬ್ಸೋದಾ?"

ಆಪು ಎಂದರೆ ಬೆಣೆ, ತಾಂಗುವುದೆಂದರೆ ಹೊರುವುದು. ಅಂದರೆ ಹೊಂಗೆ ಏನನ್ನೂ ಹೊತ್ತಿರಲಿಲ್ಲ. ಅವಳ ಮೇಲೆ ನಮ್ಮ ಭಾರ ಬಿದ್ದೇ ಇರಲಿಲ್ಲ. ನಾನು ಆ ಮಧ್ಯಾಹ್ನವೆಲ್ಲ ತಬ್ಬಿ ಕೂತಿದ್ದ ಮೂಕಿಯೂ ಏನನ್ನೂ ಹೊತ್ತಿರಲಿಲ್ಲ. ಬೆಣೆಯನ್ನು ಮೆಲ್ಲಗೆ ಅದೇ ತೂತಿಗೆ ಮರಳಿ ಇಟ್ಟೆ, ಒಂದು ಚೂರು ಬಟ್ಟೆ ಸುತ್ತಿ ಬಿಗಿ ಮಾಡಿದೆ. ಕೆಳಗೆ ಅವ್ವ ಹೂವು ಹಿಡಿದು ನಿಂತಿದ್ದಳು. ಅವತ್ತು ಶುಕ್ರವಾರ. ಹೂವು ತೆಗೆದುಕೊಂಡು ಇಟ್ಟೆ.

ಈಗ ಅವ್ವ ಇಲ್ಲ. ಆಸಾರಿಯೂ ಹೋದರು, ಅವರ ಮಗ ಕಬ್ಬಿಣದ ಮೊಳೆಯ ಪೆಟ್ಟಿಗೆ ಹಿಡಿದು ಓಡಾಡುತ್ತಾನೆ. ಕಾಲುವೆ ಅಗಲ ಮಾಡುವಾಗ ದಡದ ಹೊಂಗೆಯನ್ನು ತೆಗೆದುಹಾಕಿದರು. ಕಡಿದವರು ಹೊರಗಿನವರು, ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಮ್ಮವರೂ ಈಗ ಇಟ್ಟಿಗೆ ಗಾರೆಯಲ್ಲಿ ಕಟ್ಟುತ್ತಾರೆ, ಗಟ್ಟಿ ಮನೆಗಳೇ. ಆದರೆ ಬೆಣೆ ಕಿತ್ತು ಗಾಡಿಗೆ ಹೇರಿಕೊಂಡು ಹೋಗುವ ಮನೆಯನ್ನು ಯಾರೂ ಕಟ್ಟುವುದಿಲ್ಲ. ಹೊರಟವರು ಮನೆ ಬಿಟ್ಟು ತಾವಷ್ಟೇ ಹೋಗುತ್ತಾರೆ. ಅವರ ಹೊಸ ಗೋಡೆಗಳಲ್ಲಿ ಹಲ್ಲು ಬಚ್ಚಿಡಲು ಒಂದು ತೂತೂ ಇರುವುದಿಲ್ಲ. ನಾನು ಎಷ್ಟೋ ಸಲ ಹೆರಿಗೆ ಕಂಬಕ್ಕೆ ಗಲ್ಲ ಒತ್ತಿ ನೋಡಿದ್ದೇನೆ. ಆ ನಡುಕ ಮತ್ತೆ ಬಂದಿಲ್ಲ.

ಹೊಂಗಿ ಈಗ ಅಕ್ಕನ ಭುಜದೆತ್ತರ ಬೆಳೆದಿದ್ದಾಳೆ. ಹಬ್ಬಕ್ಕೆಂದು ಬತ್ತಲಗುಂಡಿನಿಂದ ಬಂದರೆ ಅದೇ ತೊಲೆಗೆ ಹಗ್ಗ ಹಾಕಿ ಉಯ್ಯಾಲೆ ಆಡುತ್ತಾಳೆ, ಸೂರು ಮುಟ್ಟುವ ಹಾಗೆ. ತನ್ನ ಹೆಸರಿನ ಮರ ಈ ಮನೆಯನ್ನು ಹೊತ್ತಿದೆ ಎಂದು ಅವಳಿಗೆ ಗೊತ್ತು. ಬೇರೆ ಏನೂ ಗೊತ್ತಿಲ್ಲ.

"ಮಾಮಾ, ತಾಂಗುತ್ತಾ?" ಎಂದು ಮೇಲಿಂದ ಕೇಳುತ್ತಾಳೆ.

ನಿನ್ನ ಮರ, ಅದನ್ನೇ ಕೇಳ್ಕೋ ಎನ್ನುತ್ತೇನೆ. ತಾಂಗುವುದು ಹುಣಸೆ ಬೆಣೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಅವಳ ಉಯ್ಯಾಲೆ ಜೋರಾದಾಗಲೆಲ್ಲ ನಾನು ಕೂತಲ್ಲಿಂದ ಎದ್ದು, ಯಾರೂ ನೋಡದ ಹಾಗೆ, ಹೋಗಿ ಕಂಬವನ್ನು ತಬ್ಬಿಕೊಂಡು ನಿಲ್ಲುತ್ತೇನೆ.